ಬಾಟಲಿಯ ತಳದಲ್ಲಿದ್ದ ರೇಟು

ನಮ್ಮ ಮನೆಯ ಮುಂದಿನ ಕಿಟಕಿಯಲ್ಲಿ ಒಂದು ಹಸಿರು ಬೀರು ಬಾಟಲಿ ಇದೆ. ನನ್ನ ಹೆಂಡತಿ ಲಕ್ಷ್ಮಿ ಅದರಲ್ಲಿ ನೀರು ತುಂಬಿ ಮನಿ ಪ್ಲಾಂಟ್ ಬಿಟ್ಟಿದ್ದಾಳೆ. ಬಂದ ನೆಂಟರು ಕುರ್ಚಿಯಲ್ಲಿ ಕೂರುವುದಕ್ಕೆ ಮುಂಚೆ ಆ ಬಾಟಲಿ ನೋಡುತ್ತಾರೆ, ಆಮೇಲೆ ನನ್ನ ಮುಖ ನೋಡುತ್ತಾರೆ, ಆಮೇಲೆ ಲಕ್ಷ್ಮಿಯನ್ನು ನೋಡಿ ‘ಪಾಪ’ ಅನ್ನುವ ಹಾಗೆ ತಲೆ ಆಡಿಸುತ್ತಾರೆ. ಮೊನ್ನೆ ಬೆಳಕವಾಡಿಯಿಂದ ಬಂದಿದ್ದ ಅವಳ ದೊಡ್ಡಮ್ಮನ ಮಗಳಂತೂ ನಾನು ಎದುರಿಗೇ ಕೂತಿದ್ದರೂ ಕೇಳೇಬಿಟ್ಟಳು.

“ಏನ್ ಲಕ್ಷ್ಮಿ, ನಿಮ್ಮೆಜಮಾನ್ರು ಇನ್ನೂ ಬುಟ್ಟಿಲ್ವಾ ಅದ?”

“ಬುಟ್ಟವ್ರೆ ಕಣಕ್ಕ. ಬುಟ್ಟಿದ್ದಕ್ಕೇ ಈ ಬಾಟ್ಲು ಬಂದಿರೋದು” ಅಂದಳು ಲಕ್ಷ್ಮಿ.

ಆಕೆಗೆ ಅರ್ಥ ಆಗಲಿಲ್ಲ. ಕಾಫಿ ಕುಡಿದು ಹೋದಳು. ನಿಮಗೂ ಅರ್ಥ ಆಗಿರುವುದಿಲ್ಲ, ಅದಕ್ಕೇ ಹೇಳೋಣ ಅಂತ ಕೂತೆ. ಆದರೆ ನನಗೆ ಒಂದು ವಿಷಯವನ್ನು ನೆಟ್ಟಗೆ ಹೇಳಿ ಗೊತ್ತಿಲ್ಲ. ಮಂಡಿಯಲ್ಲಿ ರೇಟು ಕೂಗಿದವನು ನಾನು. ಎಲ್ಲಿಂದಲೋ ಶುರು ಮಾಡಿ, ಸುತ್ತಿ ಬಳಸಿ, ಕೊನೆಗೆ ಮಾಲಿನ ಹತ್ತಿರ ಬರುವುದೇ ನಮ್ಮ ಪದ್ಧತಿ.

ಹುಟ್ಟಿದ್ದು ಪೂರಿಗಾಲಿ. ಮನೆ ಮಾಡಿಕೊಂಡಿದ್ದು ಮಳವಳ್ಳಿ. ಅನ್ನ ಹುಟ್ಟಿದ್ದು ಮಂಡ್ಯದ ಬೆಲ್ಲದ ಮಂಡಿಯಲ್ಲಿ. ಮೂವತ್ತು ವರ್ಷ ದಿನಾ ಮದ್ದೂರಿನಲ್ಲಿ ಬಸ್ಸು ಬದಲಾಯಿಸಿ ಹೋಗಿ, ಆಲೆಮನೆಯಿಂದ ಬಂದ ಬೆಲ್ಲಕ್ಕೆ ಬೆಲೆ ಕಟ್ಟಿ ಬರುತ್ತಿದ್ದೆ. ಕೆಲಸಕ್ಕೆ ಸೇರಿದ ದಿನ ನಮ್ಮ ಯಜಮಾನರು ಒಂದು ಬೆಲ್ಲದ ಅಚ್ಚು ಕೈಗೆ ಕೊಟ್ಟು “ಎಂಗದೆ?” ಅಂದರು. ಬಂಗಾರದ ಬಣ್ಣ, ನುಣ್ಣಗೆ ಇತ್ತು. “ಫಸ್ಟ್ ಕ್ಲಾಸು” ಅಂದೆ. ಅವರು ಅಚ್ಚನ್ನು ಮಗುಚಿ ತೋರಿಸಿದರು. ತಳದಲ್ಲಿ ಕರೀ ಗಸಿ, ಕಬ್ಬಿನ ಸಿಪ್ಪೆ, ಒಂದು ಸತ್ತ ಜೇನುಹುಳ. “ಮೇಲ್ಗಡೆ ಎಲ್ರೂವೆ ಚೆಂದಾಗ್ ಮಾಡ್ತರೆ ಕಣ್ಲಾ. ತಳ ನೋಡ್ದೆ ರೇಟು ಕೂಗ್‌ಬ್ಯಾಡ” ಅಂದರು. ಆವತ್ತಿನಿಂದ ನಾನು ತಳ ನೋಡದೆ ಏನನ್ನೂ ಮುಟ್ಟಿದವನಲ್ಲ.

ಅಭ್ಯಾಸ ಅನ್ನಿ, ರೋಗ ಅನ್ನಿ. ಹೋಟೆಲಿನಲ್ಲಿ ಇಡ್ಲಿ ಬಂದರೆ ಮಗುಚಿ ನೋಡುತ್ತೇನೆ. ಮದ್ದೂರಿನಲ್ಲಿ ಬಸ್ಸಿಳಿದು ವಡೆ ತಗೊಂಡರೆ ತಿರುವಿ, ಸೀದಿಲ್ಲ ಅಂತ ಖಾತ್ರಿ ಮಾಡಿಕೊಂಡೇ ಬಾಯಿಗಿಡುತ್ತೇನೆ. ಇನ್ನು ಹೆಣ್ಣು ನೋಡುವುದಕ್ಕೆ ಹೋದಾಗ ಆದದ್ದನ್ನು ಹೇಳಿಬಿಡುತ್ತೇನೆ, ಹೇಗೂ ಲಕ್ಷ್ಮಿ ಎಲ್ಲರಿಗೂ ಹೇಳಿದ್ದಾಳೆ. ಅವಳು ತಲೆ ಬಗ್ಗಿಸಿಕೊಂಡು ಬಂದು ಕಾಫಿ ಕೊಟ್ಟಳು. ಕುಡಿದೆ. ಕುಡಿದ ಮೇಲೆ ಕೈ ಸುಮ್ಮನಿರಬೇಕಲ್ಲ, ಸ್ಟೀಲ್ ಲೋಟ ಮಗುಚಿ ತಳ ನೋಡಿದೆ. ಅಲ್ಲಿ ಕೊರೆಸಿದ್ದ ಹೆಸರು ಬೇರೆ ಯಾರದ್ದೋ. “ಈ ಲೋಟ ನಿಮ್ದಲ್ವಾ?” ಅಂತ ತುಂಬಿದ ಮನೆಯಲ್ಲಿ ಗಟ್ಟಿಯಾಗಿ ಕೇಳಿದೆ. ಪಕ್ಕದ ಮನೆಯಿಂದ ಎರವಲು ತಂದಿದ್ದರಂತೆ. ನಮ್ಮಪ್ಪ ನನ್ನ ತೊಡೆ ಚಿವುಟಿದ ಗಾಯ ಒಂದು ವಾರ ಇತ್ತು. ಅಂಥವನನ್ನೂ ಒಪ್ಪಿಕೊಂಡಳಲ್ಲ, ಅವಳ ಧೈರ್ಯ ದೊಡ್ಡದು.

ಇಷ್ಟೆಲ್ಲ ತಳ ನೋಡುವ ಮನುಷ್ಯ ಒಂದು ಕಡೆ ಮಾತ್ರ ನೋಡಲಿಲ್ಲ. ಮಂಡಿ ಮುಗಿಸಿ ಬಂದ ಮೇಲೆ ಸಂಜೆ ಆರೂವರೆಗೆ ಒಂದು ಬೀರು. ಮೊದಮೊದಲು ವಾರಕ್ಕೊಂದು, ಆಮೇಲೆ ದಿನಕ್ಕೊಂದು, ಆಮೇಲೆ ಲೆಕ್ಕ ಲಕ್ಷ್ಮಿಗೆ ಗೊತ್ತು, ನನಗಲ್ಲ. ಒಂದು ದಿನ ಕಣ್ಣು ಹಳದಿಯಾಯಿತು, ಹೊಟ್ಟೆ ಉಬ್ಬಿತು. ಮಂಡ್ಯದ ಡಾಕ್ಟರು ಸ್ಕ್ಯಾನಿಂಗ್ ನೋಡಿ ಬಯ್ಯಲಿಲ್ಲ, ಬುದ್ಧಿ ಹೇಳಲಿಲ್ಲ. “ಲಿವರ್ ಇನ್ನೂ ಸ್ವಲ್ಪ ಉಳ್ಕೊಂಡಿದೆ. ಇನ್ನೊಂದು ಗ್ಲಾಸು ಕುಡಿದ್ರೆ ನನ್ನ ಹತ್ರ ಬರಬೇಡಿ, ಬಸ್ ಚಾರ್ಜು ದಂಡ” ಅಂದರು. ಆಚೆ ಬಂದು ಬೆಂಚಿನ ಮೇಲೆ ಕೂತೆವು. ಲಕ್ಷ್ಮಿ ಅಳಲಿಲ್ಲ. “ಸೌಮ್ಯನ್ ಮದ್ವೆ ಒಂದ್ ನೋಡ್ಬುಡಿ. ಆಮೇಕೆ ನಿಮ್ಮಿಷ್ಟ” ಅಂದಳು. ಸೌಮ್ಯ ನಮ್ಮ ಒಬ್ಬಳೇ ಮಗಳು. ಆ ಮಾತು ಕೇಳಿದ ಮೇಲೆ ಕುಡಿಯುವುದಕ್ಕೆ ಯಾವ ಬಾಯಿ ಇತ್ತು ಹೇಳಿ. ಬಿಟ್ಟೆ.

ಬಿಟ್ಟೆ ಅನ್ನುವುದು ಮೂರಕ್ಷರವೂ ಇಲ್ಲ. ಸಂಜೆ ಆರೂವರೆ ಮಾತ್ರ ದಿನಾ ಬರುತ್ತಿತ್ತು. ಕೈ ಖಾಲಿ. ಎಳನೀರು ಕುಡಿದೆ, ಕಬ್ಬಿನ ಹಾಲು ಕುಡಿದೆ, ನಿಂಬೆಹಣ್ಣಿನ ಸೋಡ ಕುಡಿದು ಕುಡಿದು ಹಲ್ಲು ಜುಂ ಅನ್ನುವ ಹಾಗಾಯಿತು. ಕೈ ಕೇಳುತ್ತಿದ್ದದ್ದೇ ಬೇರೆ. ತಣ್ಣಗಿನ ಬಾಟಲಿ, ಅದರ ಕುತ್ತಿಗೆ, ಆ ಕಹಿ, ಆ ನೊರೆ. ಸಂಜೆಯಾದರೆ ಎದ್ದು ನಿಲ್ಲುವುದು, ಕೂರುವುದು, ಲಕ್ಷ್ಮಿಯ ಮೇಲೆ ಸುಮ್ಮಸುಮ್ಮನೆ ರೇಗುವುದು. ಅವಳು ಪಾಪ ಆ ಹೊತ್ತಿಗೆ ಸರಿಯಾಗಿ ಅವರೆಕಾಯಿ ತಂದು ಮುಂದೆ ಸುರಿದು “ಬುಡಿಸಿ” ಅನ್ನುತ್ತಿದ್ದಳು. ಮಳವಳ್ಳಿಯಲ್ಲಿ ಆ ವರ್ಷ ನಮ್ಮನೆಯಷ್ಟು ಅವರೆಕಾಯಿ ಯಾರೂ ತಿಂದಿರಲಾರರು.

ಬಸ್ ಸ್ಟ್ಯಾಂಡಿನಿಂದ ನಮ್ಮ ಮನೆಗೆ ಬರುವ ದಾರಿಯಲ್ಲಿ ಸಿದ್ರಾಜುವಿನ ಬೇಕರಿ. ಅವನು ನನ್ನ ಹಳೇ ದೋಸ್ತಿ, ನನಗಿಂತ ಹತ್ತು ಹದಿನೈದು ವರ್ಷ ಚಿಕ್ಕವನು. ಬೀರಿಗೆ ನೆಂಚಿಕೊಳ್ಳುವ ಖಾರಾ ಬೂಂದಿಯನ್ನು ವರ್ಷಗಟ್ಟಲೆ ಅವನ ಹತ್ತಿರವೇ ಕಟ್ಟಿಸಿದ್ದೆ. ಒಂದು ತಿಂಗಳು ನಾನು ಆ ಕಡೆ ಹೋಗಲಿಲ್ಲ. ಒಂದು ಸಂಜೆ ದಾಟಿಕೊಂಡು ಹೋಗುತ್ತಿದ್ದವನನ್ನು ಕರೆದ.

“ಏನ್ ಗೌಡ್ರೆ, ನಮ್ ಬೂಂದಿ ಮ್ಯಾಲೆ ಮುನ್ಸ್ಕಂಡ್ರಾ?”

“ಬೂಂದಿ ಮೇಲಲ್ಲ ಕಣ್ಲಾ, ಅದರ ಗೆಣೆಕಾರನ ಮೇಲೆ” ಅಂದೆ. ಡಾಕ್ಟರು ಹೇಳಿದ್ದನ್ನೂ ಹೇಳಿದೆ.

ಅವನು ಫ್ರಿಜ್ಜಿನ ಬಾಗಿಲು ತೆಗೆದು, ಬಾದಾಮಿ ಹಾಲಿನ ಪಕ್ಕದಿಂದ ಒಂದು ಹಸಿರು ಬಾಟಲಿ ಎತ್ತಿ ಟೇಬಲ್ ಮೇಲಿಟ್ಟ. “ಥೂ ನಿನ್ನ, ಬೇಕರೀಲಿ ಇದನ್ನೂ ಶುರು ಮಾಡಿದ್ಯಾ?” ಅಂದೆ. ಅವನು ಲೇಬಲ್ಲು ತೋರಿಸಿದ. ಬೀರು ಅಂತ ಇದೆ, ಕೆಳಗೆ ದಪ್ಪಗೆ ಸೊನ್ನೆ ಬರೆದಿದೆ. ಕಿಕ್ಕಿಲ್ಲದ ಬೀರು. ಲೈಸೆನ್ಸು ಬೇಡ, ಬೇಕರಿಯಲ್ಲೇ ಮಾರಬಹುದಂತೆ. ನಾನು ಬಾಟಲಿ ಎತ್ತಿ ತಳ ನೋಡಿದೆ. ಆಮೇಲೆ ರೇಟು ನೋಡಿದೆ. ತೊಂಬತ್ತೈದು ರೂಪಾಯಿ.

ಶುರುವಾಯಿತು ನೋಡಿ ಜಗಳ.

ನೀವೇ ನ್ಯಾಯ ಹೇಳಿ. ಪೂರಿಗಾಲಿಯಲ್ಲಿ ನಮ್ಮಜ್ಜಿ ಬೆಳಗ್ಗೆ ಮೊಸರು ಕಡೆಯುತ್ತಿದ್ದಳು. ಅಡಿಗೆಮನೆ ಕಂಬಕ್ಕೆ ಹಗ್ಗ ಕಟ್ಟಿ, ಕಡಗೋಲು ಗರಗರ ಅಂದರೆ ನಮಗೆಲ್ಲ ಎಚ್ಚರ. ಬೆಣ್ಣೆ ಅವಳ ಆಸ್ತಿ. ಉಂಡೆ ಕಟ್ಟಿ ನೀರಲ್ಲಿ ತೇಲಿಬಿಟ್ಟು ನೆಲುವಿಗೆ ಏರಿಸಿದರೆ ಮೊಮ್ಮಕ್ಕಳಿಗೂ ಸಿಗುತ್ತಿರಲಿಲ್ಲ. ಮಜ್ಜಿಗೆ ಮಾತ್ರ ಊರ ಸ್ವತ್ತು. ಯಾರು ಚೊಂಬು ಹಿಡಿದು ಬಂದರೂ ಹುಯ್ಯುತ್ತಿದ್ದಳು. ಒಂದು ಸಲ ಹೊರಗಿನ ಊರಿನವಳೊಬ್ಬಳು ಮಜ್ಜಿಗೆಗೆ ನಾಲ್ಕಾಣೆ ಕೊಡೋಕೆ ಬಂದಿದ್ದಕ್ಕೆ “ಮಜ್ಗೆ ಮಾರೋ ಗತಿ ಬಂದಿಲ್ಲ ಕಣಮ್ಮಿ ನಮ್ಗೆ” ಅಂತ ಅಜ್ಜಿ ಒಂದು ವಾರ ಗೊಣಗಿದ್ದಳು. ಸಾರ ತೆಗೆದ ಮೇಲೆ ಉಳಿದದ್ದು ಪುಕ್ಕಟೆ, ಇದು ನಾನು ಕಲಿತ ಧರ್ಮ.

“ಬೆಣ್ಣೆ ತಗ್ದಿರೋ ಮಜ್ಜಿಗೆ ಬಿಟ್ಟಿ. ಕಿಕ್ಕು ತಗ್ದಿರೋ ಬೀರಿಗೆ ತೊಂಬತ್ತೈದಾ? ಯಾವೂರ ನ್ಯಾಯ ಕಣ್ಲಾ ಇದು? ಇಪ್ಪತ್ ರೂಪಾಯಿ ಕೊಡ್ತೀನಿ, ತಗೋ” ಅಂದೆ.

ಸಿದ್ರಾಜು ಬನ್ನು ಕತ್ತರಿಸುತ್ತಿದ್ದ ಚಾಕು ಕೆಳಗಿಟ್ಟ. “ಗೌಡ್ರೆ, ಓದೊರ್ಸ ದವಡೆ ಅಲ್ಲು ಕೀಳಿಸಿದ್ರಲ್ಲ, ಅಲ್ಲು ಓಯ್ತು ಅಂತ ಡಾಕ್ಟ್ರು ನಿಮ್ಗೆ ದುಡ್ ಕೊಟ್ರಾ, ನೀವ್ ಅವ್ರಿಗ್ ಕೊಟ್ರಾ? ತಗ್ಯಕೂ ಕೂಲಿ ಬ್ಯಾಡ್ವಾ?”

ಮೂವತ್ತು ವರ್ಷ ಮಂಡಿಯಲ್ಲಿ ಎಂಥೆಂಥವರ ಬಾಯಿ ಮುಚ್ಚಿಸಿದವನು ನಾನು, ಬಾಯಿ ಮುಚ್ಚಿಕೊಂಡು ತೊಂಬತ್ತೈದು ಎಣಿಸಿದೆ.

ಆದರೂ ಕುಡಿಯಲಿಲ್ಲ. ಮಾರನೇ ದಿನ ಬಾಟಲಿಯನ್ನು ಪೇಪರಿನಲ್ಲಿ ಸುತ್ತಿಕೊಂಡು ಮಂಡ್ಯಕ್ಕೆ ಹೋಗಿ ಡಾಕ್ಟರ ಮುಂದಿಟ್ಟೆ. ಅವರು ಕನ್ನಡಕ ಹಣೆಗೇರಿಸಿ ಸಣ್ಣ ಅಕ್ಷರವನ್ನೆಲ್ಲ ಓದಿದರು. “ಪೂರ್ತಿ ಸೊನ್ನೆ ಅಂತ ಇದ್ರೆ ಸರಿ. ಕೆಲವಕ್ಕೆ ಅರ್ಧ ಪರ್ಸೆಂಟ್ ಇರುತ್ತೆ, ಅದನ್ನ ಮುಟ್ಟಬೇಡಿ. ಇದೂ ಅಪರೂಪಕ್ಕೆ” ಅಂದರು. ಆವತ್ತು ಸಂಜೆ ಆರೂವರೆಗೆ ಜಗಲಿಯ ಮೇಲೆ ಕೂತು ಮುಚ್ಚಳ ತೆಗೆದೆ. ಅದೇ ಶಬ್ದ, ಅದೇ ನೊರೆ, ಹೆಚ್ಚು ಕಡಿಮೆ ಅದೇ ಕಹಿ. ಕೊನೆಯಲ್ಲಿ ಮಾತ್ರ ಏನೂ ಆಗಲಿಲ್ಲ. ಲಕ್ಷ್ಮಿ ಒಳಗಿನಿಂದ ಇಣುಕಿ ನೋಡುತ್ತಿದ್ದಳು. ನಾನು ರೇಗದೆ, ತೂರಾಡದೆ ಎದ್ದು ಬಂದು “ಮುದ್ದೆ ಆಯ್ತಾ?” ಅಂದಾಗ ಅವಳ ಮುಖ ನೋಡಬೇಕಿತ್ತು.

ಡಾಕ್ಟರ ಮಾತಿನಂತೆ ವಾರಕ್ಕೆ ಒಂದೇ ಸೊನ್ನೆ ಬೀರು, ಶನಿವಾರ ಸಂಜೆ. ಮಿಕ್ಕ ದಿನ ಅವರೆಕಾಯಿ. ಪ್ರತಿ ಶನಿವಾರವೂ ರೇಟಿನ ಜಗಳ ತಪ್ಪದೆ ಆಗುತ್ತಿತ್ತು. “ಎರಡು ತಿಂಗಳಿಂದ ಗಿರಾಕಿ, ಐದು ರೂಪಾಯಿ ಬಿಡು” ಅಂದರೆ “ಬುಡಾಕಿಲ್ಲ”. “ಖಾಲಿ ಬಾಟಲಿ ವಾಪಸ್ ತಗೋ” ಅಂದರೆ “ಎಂಡ್ತಿಗೆ ಕೊಡಿ, ಗಿಡ ಬುಡ್ತಾರೆ”. ಅವನ ಹತ್ತಿರ ರೇಟಿನ ಚೀಟಿ ಹೊಡೆಯುವ ಸಣ್ಣದೊಂದು ಮಿಷನ್ನಿತ್ತು. ಟಕ್ ಅಂದರೆ ಒಂದು ಬಿಳೀ ಚೀಟಿ ಅಂಟಿಕೊಳ್ಳುತ್ತಿತ್ತು. ಕಂಪನಿಯವರ ರೇಟು ಗಿರಾಕಿಗಳ ಕಣ್ಣಿಗೆ ಕಾಣಲ್ಲ ಅಂತ ಬ್ರೆಡ್ಡಿಗೂ ಟಕ್, ರಸ್ಕಿಗೂ ಟಕ್, ನನ್ನ ಬಾಟಲಿಯ ಕುತ್ತಿಗೆಗೂ ಟಕ್. “ಅರೆಗಳಿಗೆ ನಿಂತ್ಕಂಡ್ರೆ ನಂಗೂ ಅಂಟಿಸ್ತೀಯಲ್ಲೋ” ಅಂದಿದ್ದಕ್ಕೆ ಮೇಲಿಂದ ಕೆಳಗಿನ ತನಕ ನೋಡಿ “ಡ್ಯಾಮೇಜ್ ಮಾಲು ಗೌಡ್ರೆ, ಯಾವ್ ರೇಟ್ ಆಕ್ಲಿ?” ಅಂದ. ಅಂಗಡಿಯಲ್ಲಿದ್ದವರೆಲ್ಲ ನಕ್ಕರು.

ಬೇರೆ ಯಾರೂ ಅದನ್ನು ಕೊಳ್ಳುತ್ತಿರಲಿಲ್ಲ ಅನ್ನುವುದನ್ನೂ ಹೇಳಿಬಿಡಬೇಕು. ಒಂದು ಸಲ ಮೊಮ್ಮಗಳಿಗೆ ಕೇಕು ಕೊಡಿಸಲು ಬಂದ ಒಬ್ಬ ಅಜ್ಜಿ ಫ್ರಿಜ್ಜಿನಲ್ಲಿ ಬಾಟಲಿ ಕಂಡು “ಮಕ್ಳು ಮರಿ ಬರೋ ಜಾಗದಲ್ಲಿ ಎಂಡ ಮಡಗಿದ್ದೀಯಲ್ಲೋ, ನಿನ್ ಮನೆ ಕಾಯ್ವಾಗ” ಅಂತ ಬೀದಿ ಒಟ್ಟು ಮಾಡಿದಳು. ಸೊನ್ನೆ ತೋರಿಸಿದರೆ ಆಕೆಗೆ ಓದು ಬರುವುದಿಲ್ಲ. ಇನ್ನೊಬ್ಬ ಪಡ್ಡೆ ಹುಡುಗ ಎರಡು ಬಾಟಲಿ ಕುಡಿದು ಏನೂ ಏರಲಿಲ್ಲ ಅಂತ ಕಾಸು ವಾಪಸ್ ಕೇಳಿದ. ಇಷ್ಟಾದರೂ ಸಿದ್ರಾಜು ಅದನ್ನು ತರಿಸುವುದು ಬಿಡಲಿಲ್ಲ. ಯಾಕೆ ಅಂತ ನಾನು ಕೇಳಲಿಲ್ಲ, ರೇಟು ಕೇಳುವುದರಲ್ಲೇ ಮುಳುಗಿದ್ದೆ.

ಹತ್ತು ತಿಂಗಳು ಹೀಗೆ ಕಳೆಯಿತು. ಸೌಮ್ಯನಿಗೆ ಕೆರಗೋಡಿನ ಸಂಬಂಧ ಕೂಡಿ ಬಂತು. ಒಳ್ಳೇ ಹುಡುಗ, ಒಳ್ಳೇ ಮನೆ. ಬೀಗರು ತಮ್ಮೇಗೌಡರು, ಆಳೆತ್ತರದ ಮನುಷ್ಯ, ಮಾತು ಕೊಡಲಿಪೆಟ್ಟು. ಮದುವೆ ಸುಸೂತ್ರ ಆಯಿತು. ಮದುವೆಯಲ್ಲಿ ನನಗೆ ಭಯವಿರಲಿಲ್ಲ, ಛತ್ರದಲ್ಲಿ ಸಿಹಿ ಊಟ. ಭಯವಿದ್ದದ್ದು ಬೀಗರೂಟದ್ದು.

ನಮ್ಮ ಕಡೆ ಬೀಗರೂಟ ಅಂದರೆ ಮದುವೆಗಿಂತ ಒಂದು ಕೈ ಮೇಲೆ. ಹೆಣ್ಣಿನ ಮನೆಯಲ್ಲಿ ಮರಿ ಕಡಿದು, ಮುದ್ದೆ, ಬೋಟಿ ಗೊಜ್ಜು, ಕೈಮ ಉಂಡೆ ಅಂತ ಗಂಡಿನವರಿಗೆ ಬಡಿಸಿದರೇನೇ ಸಂಬಂಧ ಗಟ್ಟಿ. ಊಟಕ್ಕೆ ಮುಂಚೆ ಗಂಡಸರು ತೋಟದಲ್ಲಿ ಕೂರುತ್ತಾರೆ. ಅಲ್ಲಿ ನಮ್ಮೂರ ಪದ್ಧತಿ ಒಂದಿದೆ: ಮೊದಲನೇ ಬಾಟಲಿಯನ್ನು ಇಬ್ಬರು ಬೀಗರೂ ಹಂಚಿಕೊಳ್ಳಬೇಕು. ಮನೆ ಯಜಮಾನ ತನ್ನ ಕೈಯಾರೆ ತೆಗೆದು, ಎರಡು ಲೋಟಕ್ಕೆ ಹುಯ್ದು, ಇಬ್ಬರೂ ಒಟ್ಟಿಗೆ ಎತ್ತಬೇಕು. ಅದಾಗುವ ತನಕ ಮಿಕ್ಕವರು ಯಾರೂ ಮುಟ್ಟುವುದಿಲ್ಲ. ಯಜಮಾನನೇ ‘ನಂಗೆ ಬ್ಯಾಡ’ ಅಂದರೆ ಬೀಗರನ್ನು ದೂರ ಇಟ್ಟ ಹಾಗೆ.

“ಏಳ್ಬುಡಿ ಬೀಗ್ರಿಗೆ, ಉಸಾರಿಲ್ಲ, ಡಾಕ್ಟ್ರು ಬ್ಯಾಡ ಅಂದವ್ರೆ ಅಂತ” ಅಂದಳು ಲಕ್ಷ್ಮಿ. ನ್ಯಾಯವಾದ ಮಾತು. ಆದರೆ ನನ್ನ ಜಂಬ ಕೇಳಬೇಕಲ್ಲ. ‘ಕುಡಿದು ಕುಡಿದು ಲಿವರ್ ಸುಟ್ಟುಕೊಂಡವನ ಮಗಳು’ ಅಂತ ಸೌಮ್ಯನಿಗೆ ಆ ಮನೆಯಲ್ಲಿ ಹೆಸರು ಬೀಳುವುದು ನನಗೆ ಬೇಡವಾಗಿತ್ತು. ಕುಡಿದರೆ ಪ್ರಾಣ ಹೋಗುತ್ತೆ, ಕುಡಿಯದಿದ್ದರೆ ಮಗಳ ಮುಂದೆ ಮಾನ ಹೋಗುತ್ತೆ ಅನ್ನುವ ಲೆಕ್ಕ ನನ್ನದು. ಮಂಡಿ ತಲೆ ಓಡಿಸಿದೆ. ಸೊನ್ನೆ ಬೀರಿನ ಕಂಪನಿಯವರೇ ನಿಜವಾದ ಬೀರನ್ನೂ ಮಾಡುತ್ತಿದ್ದರು. ಅದೇ ಹಸಿರು ಬಾಟಲಿ, ಅದೇ ಮುಚ್ಚಳ. ನೆಂಟರಿಗೆ ಎರಡು ಕೇಸು ಆ ಬೀರನ್ನೇ ತರಿಸಿದರಾಯಿತು. ಸೊನ್ನೆ ಬೀರಿನ ಲೇಬಲ್ಲು ಮಾತ್ರ ಕಿತ್ತುಹಾಕಿ ಬೇರೆ ಬಕೆಟ್ಟಿನಲ್ಲಿ ಇಟ್ಟುಕೊಂಡರೆ ಯಾವ ಬೀಗನಿಗೆ ಗೊತ್ತಾಗುತ್ತದೆ?

ಸಿದ್ರಾಜುವಿನ ಹತ್ತಿರ ಹೋಗಿ ಆರು ಬಾಟಲಿ ಬೇಕು ಅಂದೆ. “ಬೀಗರೂಟ ಕಣ್ಲಾ. ಆರಕ್ಕೆ ಐದರ ರೇಟು ಆಕೊ” ಅಂದೆ. “ಆಕಾಕಿಲ್ಲ” ಅಂದ. “ಓಗ್ಲಿ, ಈ ಲೇಬಲ್ಲು ನೀರಲ್ಲಿ ನೆನಸಿದ್ರೆ ಬತ್ತದಾ?” ಅಂತ ಕೇಳಿದೆ. ಅವನು ನನ್ನನ್ನೇ ಒಂದು ಗಳಿಗೆ ನೋಡಿದ. “ಬತ್ತದೆ. ಸಂದೆಗ್ ಬನ್ನಿ, ಕಟ್ಟಿ ಮಡಗಿರ್ತೀನಿ” ಅಂದ. ಸಂಜೆ ಹೋಗಿ ತಂದು, ಬೇಸನ್ನಿನಲ್ಲಿ ನೆನೆಹಾಕಿ ಲೇಬಲ್ಲು ಸುಲಿದೆ. ಕುತ್ತಿಗೆಯ ಮೇಲಿದ್ದ ಅವನ ರೇಟಿನ ಚೀಟಿಯನ್ನೂ ಉಗುರಲ್ಲಿ ಕೆರೆದು ತೆಗೆದೆ. ಜೀವಮಾನವೆಲ್ಲ ಕಂಡಕಂಡದ್ದರ ತಳ ನೋಡಿದವನು ಆವತ್ತು ನೋಡಲಿಲ್ಲ. ಗಡಿಬಿಡಿ.

ಬೀಗರೂಟ ಪೂರಿಗಾಲಿಯ ನಮ್ಮ ತೋಟದಲ್ಲಿ. ಭಾನುವಾರ, ಹನ್ನೊಂದು ಗಂಟೆ ಬಿಸಿಲು. ಹೆಂಗಸರು ಮನೆ ಕಡೆ, ಗಂಡಸರು ತೆಂಗಿನ ಮರದ ನೆರಳಲ್ಲಿ ಜಮಖಾನದ ಮೇಲೆ. ನೆಂಟರ ಬೀರು ನೀಲಿ ಡ್ರಮ್ಮಿನಲ್ಲಿ, ಐಸು ತುಂಬಿ. ನನ್ನ ಆರು ಬಾಟಲಿ ಪಂಪ್‌ಸೆಟ್ ಮನೆಯ ಮೂಲೆಯಲ್ಲಿ, ಕೆಂಪು ಬಕೆಟ್ಟಿನಲ್ಲಿ, ಗೋಣಿಚೀಲ ಮುಚ್ಚಿ. ತಮ್ಮೇಗೌಡರು ಬಂದು ಕಾಲು ಚಾಚಿ ಕೂತು “ಎಲ್ ಬೀಗ್ರೆ, ಸುರು ಮಾಡಾವಾ?” ಅಂದರು. “ಬಂದೆ” ಅಂತ ಪಂಪ್‌ಸೆಟ್ ಮನೆಗೆ ಹೋದೆ.

ಬಕೆಟ್ಟು ಖಾಲಿ.

ನನ್ನ ಭಾಮೈದ ಶಿವಣ್ಣ ಅಲ್ಲೇ ನಿಂತು ಕೈ ಒರೆಸಿಕೊಳ್ಳುತ್ತಿದ್ದ. “ಭಾವ, ಇಲ್ಲೊಂದಾರು ಬಾಟ್ಲು ಮರ್ತ್‌ಬುಟ್ಟಿದ್ರಿ. ಬೆಚ್ಚಗಾಗ್ಬುಟ್ಟಿದ್ದೊ, ನಾನೇ ಓಗಿ ಡ್ರಮ್ಗಾಕ್ ಬಂದೆ” ಅಂದ. ಮುಖದಲ್ಲಿ ಉಪಕಾರ ಮಾಡಿದ ಸಂತೋಷ. ಅವನಿಗೂ ನಾನು ಏನೂ ಹೇಳಿರಲಿಲ್ಲ, ಬಯ್ಯುವುದಕ್ಕೆ ಯಾವ ಹಕ್ಕಿದೆ?

ಓಡಿ ಬಂದು ಡ್ರಮ್ಮಿನೊಳಗೆ ನೋಡಿದೆ. ಐಸ್ ನೀರಲ್ಲಿ ಬೆಳಗಿನಿಂದ ನೆನೆದು ನಿಜವಾದ ಬೀರಿನ ಲೇಬಲ್ಲುಗಳೂ ಕಳಚಿಕೊಂಡು ಎಲೆಗಳ ಹಾಗೆ ತೇಲುತ್ತಿದ್ದವು. ಕೆಳಗೆ ಬರೀ ಹಸಿರು ಗಾಜು. ಎಲ್ಲ ಒಂದೇ ಬಣ್ಣ, ಒಂದೇ ಮುಚ್ಚಳ, ನಾನೇ ಜಾಣತನದಿಂದ ಆರಿಸಿದ್ದು. ವಾಸನೆ ನೋಡಿ ಕಂಡುಹಿಡಿಯೋಣ ಅಂದರೆ ಎರಡರದ್ದೂ ಒಂದೇ, ಆ ವಾಸನೆಗೆ ತಾನೇ ನಾನು ತೊಂಬತ್ತೈದು ಕೊಡುತ್ತಿದ್ದದ್ದು. ಇನ್ನುಳಿದದ್ದು ರುಚಿ. ಒಂದು ಚೂರು ನಾಲಿಗೆಗೆ ಇಟ್ಟು ಯಾವ ಆಲೆಮನೆಯ ಬೆಲ್ಲ ಅಂತ ಹೇಳುತ್ತಿದ್ದವನು ನಾನು. ಆವತ್ತು ರುಚಿ ನೋಡುವ ಹಾಗೇ ಇಲ್ಲ. ಒಂದು ಗುಟುಕು ಒಳಗೆ ಹೋದರೆ ಎರಡನೆಯದನ್ನು ತಡೆಯುವ ಶಕ್ತಿ ನನಗಿಲ್ಲ ಅನ್ನುವುದು ನನಗೆ ಚೆನ್ನಾಗಿ ಗೊತ್ತಿತ್ತು.

“ಏನ್ ಬೀಗ್ರೆ, ಮೊಟ್ಟೆ ಆರಿಸ್ದಂಗ್ ಆರಿಸ್ತಿದ್ದೀರಾ?” ಅಂದರು ತಮ್ಮೇಗೌಡರು. ಎಲ್ಲರೂ ನಕ್ಕರು. ಇಪ್ಪತ್ತು ಜನ ನನ್ನ ಕೈಯನ್ನೇ ನೋಡುತ್ತಿದ್ದಾರೆ. ದೂರದಲ್ಲಿ ಮನೆ ಬಾಗಿಲಲ್ಲಿ ಲಕ್ಷ್ಮಿ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಾಳೆ. ಅವಳ ಪಕ್ಕದಲ್ಲಿ ಸೌಮ್ಯ.

ಕೈ ಅಡ್ಡಾಡಿಸಿ ಒಂದು ಬಾಟಲಿ ಎತ್ತಿದೆ. ಎತ್ತಿದ್ದೇ ತಡ, ಮೂವತ್ತು ವರ್ಷದ ಅಭ್ಯಾಸ ನೋಡಿ, ಕೈ ತಾನೇ ತಿರುಗಿ ತಳ ನೋಡಿತು. ಬರೀ ಗಾಜು. ಯಾಕೋ ಮನಸ್ಸು ಒಪ್ಪಲಿಲ್ಲ. “ಇದು ತಣ್ಣಗಿಲ್ಲ” ಅಂತ ವಾಪಸ್ ಹಾಕಿದೆ. ಇನ್ನೊಂದು ಎತ್ತಿದೆ, ತಿರುಗಿಸಿದೆ. ತಳದ ಗುಣಿಯಲ್ಲಿ ಏನೋ ಬೆಳ್ಳಗೆ. ಹೆಬ್ಬೆರಳಲ್ಲಿ ನೀರು ಒರೆಸಿದೆ. ಚೀಟಿ. ಚೀಟಿಯ ಮೇಲೆ ನೀರು ಹೋಗದ ಹಾಗೆ ಟೇಪು. ಟೇಪಿನ ಕೆಳಗೆ ತೊಂಬತ್ತೈದು ರೂಪಾಯಿ.

ಅಯ್ಯೋ ಶಿವನೇ! ಆ ತೊಂಬತ್ತೈದನ್ನು ಹತ್ತು ತಿಂಗಳು ಬಯ್ದಿದ್ದೆನಲ್ಲ. ಆವತ್ತು ಅದನ್ನು ಕಣ್ಣಿಗೆ ಒತ್ತಿಕೊಳ್ಳಬೇಕು ಅನ್ನಿಸಿತು.

ಮುಚ್ಚಳ ತೆಗೆದು ಎರಡು ಲೋಟಕ್ಕೆ ಹುಯ್ದೆ. ಇಬ್ಬರೂ ಎತ್ತಿದೆವು. ನಾನು ಕುಡಿದೆ. ಗಟಗಟ ಕುಡಿದು ಲೋಟ ಇಟ್ಟಾಗ ನನಗೆ ಇನ್ನೊಂದು ಹೊಳೆಯಿತು. ಬೀಗರ ಲೋಟದಲ್ಲಿರುವುದೂ ಅದೇ ಅಲ್ಲವೇ? ಇಷ್ಟೆಲ್ಲ ಹಂಚಿಕೆ ಹಾಕಿದ ನಾನು, ಅವರಿಗೂ ನಾಲಿಗೆ ಇದೆ ಅನ್ನುವುದನ್ನೇ ಮರೆತಿದ್ದೆ.

ತಮ್ಮೇಗೌಡರು ಒಂದು ಗುಟುಕು ಕುಡಿದರು. ಲೋಟದೊಳಗೆ ನೋಡಿದರು. ಇನ್ನೊಂದು ಗುಟುಕು ಕುಡಿದರು. ಆಮೇಲೆ ನನ್ನನ್ನು ನೋಡಿದರು. ನನ್ನ ಮುಖದಲ್ಲಿ ಏನು ಕಂಡಿತೋ ಕಾಣೆ. ಮನೆ ಬಾಗಿಲಲ್ಲಿ ನಿಂತಿದ್ದ ನಮ್ಮ ಹೆಣ್ಣುಮಕ್ಕಳ ಕಡೆಗೂ ಒಂದು ಸಲ ನೋಡಿದರು. ನಾನು ‘ಬೀಗ್ರೆ’ ಅಂತ ಬಾಯಿ ತೆಗೆಯುವುದಕ್ಕೂ ಅವರು ಗಟ್ಟಿಯಾಗಿ ಮಾತಾಡುವುದಕ್ಕೂ ಸರಿಹೋಯಿತು.

“ಪಸಂದಾಗದೆ ಕಣ್ ಬೀಗ್ರೆ! ಲೇ, ಎಲ್ರೂ ತಗಳ್ರುಲಾ. ನಮ್ಮಿಬ್ರಿಗ್ ಮಾತ್ರ ಬ್ಯಾರೆದ್ ಬ್ಯಾಡ, ಬೀಗ್ರು ತಳ ನೋಡಿ ಆರಿಸ್ಕೊಟ್ಟಿದ್ದೇ ಬೇಕು.”

ಆವತ್ತು ಅವರು ನನ್ನ ಜೊತೆ ಸೊನ್ನೆ ಬೀರನ್ನೇ ಕುಡಿದರು. ಮಿಕ್ಕ ಐದನ್ನೂ ತಳ ನೋಡಿ ಆರಿಸಿ ಪಕ್ಕಕ್ಕಿಟ್ಟುಕೊಂಡೆ; ಮೂರು ಬಾಟಲಿ ಅವರು, ಮೂರು ನಾನು. ಸುತ್ತಲೂ ನಿಜವಾದದ್ದು ಹೊಳೆ ಹರಿಯುತ್ತಿದ್ದರೂ ಆ ಮನುಷ್ಯ ತಿರುಗಿ ನೋಡಲಿಲ್ಲ. ಒಂದು ಮಾತು ಕೇಳಲಿಲ್ಲ, ಕಣ್ಣು ಮಿಟುಕಿಸಲಿಲ್ಲ, ಒಳಗೊಳಗೇ ನಗಲೂ ಇಲ್ಲ. ಊಟ ಆಗಿ ಎಲೆ ಅಡಿಕೆ ಹಾಕಿಕೊಂಡು ಹೊರಟಾಗ ನನ್ನ ಎರಡೂ ಕೈ ಹಿಡಿದುಕೊಂಡು “ಮುಂದುಲ್ ತಿಂಗ್ಳು ನಮ್ಮೂರ್ಗೆ ಬತ್ತೀರಲ್ಲ, ಅದೆಲ್ ಸಿಕ್ತದೆ ಅಂತ ಏಳಿ ಬೀಗ್ರೆ. ಒಂದಾರು ತಂದ್ ಮಡಗ್ತೀನಿ” ಅಂದರು. ಅಷ್ಟೇ. ನಾನು ಸಿದ್ರಾಜುವಿನ ಬೇಕರಿ ಹೆಸರು ಹೇಳಿದೆ. ಕೊಡಲಿಪೆಟ್ಟಿನ ಮಾತಿನವರು ಅಂತ ಹೆದರಿದ್ದೆನಲ್ಲ, ಅಂಥ ಬೀಗರು ಕೋಟಿಗೊಬ್ಬರು.

ಮಾರನೇ ದಿನ ಬೇಕರಿಗೆ ಹೋದೆ. ಸಿದ್ರಾಜು ಬಿಸಿ ಬಿಸಿ ರಸ್ಕು ಡಬ್ಬಕ್ಕೆ ತುಂಬುತ್ತಿದ್ದ.

“ಕುತ್ಗೆ ಮೇಲೆ ಒಂದ್ ಚೀಟಿ ಇತ್ತಲ್ಲ. ತಳಕ್ಕೆ ಇನ್ನೊಂದ್ ಯಾಕ್ ಅಂಟಿಸ್ದೆ?” ಅಂದೆ.

ಅವನು ತಲೆ ಎತ್ತಲಿಲ್ಲ. “ಲೇಬಲ್ಲು ಬತ್ತದಾ ಅಂತ ಕೇಳಿದ್ರಲ್ಲ, ಆಗ್ಲೇ ಗೊತ್ತಾಯ್ತು ನಿಮ್ ಪಿಲಾನು. ಬೀಗರೂಟದ ಐಸ್ ಡ್ರಮ್ಮು ನಾನೂ ಕಂಡಿವ್ನಿ ಗೌಡ್ರೆ. ಅದ್ರೊಳಿಕ್ಕೆ ಬಿದ್ಮೇಲೆ ಯಾವುದ್ ಯಾವುದು ಅಂತ ದ್ಯಾವ್ರಿಗೂ ತಿಳ್ಯಾಕಿಲ್ಲ. ಎಚ್ಚುಕಮ್ಮಿ ಆದ್ರೆ ಏನ್ ಗತಿ ಅಂತ ಅಂಟಿಸ್ದೆ. ನೀರ್ಗೆ ಬುಟ್ಕಬಾರ್ದು ಅಂತ ಮ್ಯಾಲೆ ಟೇಪು.”

“ಒಂದು ಮಾತು ಹೇಳಬಾರದಿತ್ತೇನ್ಲಾ?”

“ಏಳಿದ್ರೆ ನೀವು ಅದ್ನೂ ಕೆರ್ದಾಕ್ತಿದ್ರಿ. ಇಪ್ಪತ್ತೊರ್ಸದಿಂದ ನಮ್ಮಂಗ್ಡೀಲಿ ಒಂದ್ ಬನ್ನು ತಗಂಡ್ರೂ ತಿರುಗ್ಸಿ ತಳ ನೋಡ್ತೀರಿ. ಯಾವತ್ತಾದ್ರೂ ನೋಡ್ದೆ ಬುಟ್ಟಿದ್ದೀರಾ? ಅದ್ಕೇ ದೈರ್ಯ” ಅಂದ.

ನಮ್ಮ ಕಡೆ ಧನ್ಯವಾದ ಅನ್ನುವ ಪದವನ್ನು ಮೈಕಿನ ಮುಂದೆ ಬಿಟ್ಟರೆ ಬೇರೆಲ್ಲೂ ಬಳಸುವುದಿಲ್ಲ. ಒಂದು ಬಾಟಲಿ ಕೊಡು ಅಂದೆ. ಕೊಟ್ಟ. ನೂರರ ನೋಟು ಕೊಟ್ಟು, ಒಂದು ಮಾತೂ ಆಡದೆ, ಅವನು ಕೊಟ್ಟ ಐದು ರೂಪಾಯಿ ಜೇಬಿಗೆ ಹಾಕಿಕೊಂಡು ಹೊರಟೆ. ಹತ್ತು ಹೆಜ್ಜೆ ಹೋಗಿರಲಿಲ್ಲ, ಅವನು ಅಂಗಡಿ ಬಿಟ್ಟು ಓಡಿ ಬಂದ.

“ಗೌಡ್ರೆ! ಯಾಕ್ ರೇಟ್ ಕೇಳ್ನಿಲ್ಲ? ಉಸಾರಾಗಿದ್ದೀರಾ?”

ಅವನ ಮುಖದಲ್ಲಿ ನಿಜವಾಗಿಯೂ ಗಾಬರಿ ಇತ್ತು. ನನ್ನ ಕಣ್ಣು ತುಂಬಿ ಬಂತು. ಅದನ್ನು ಮುಚ್ಚಿಕೊಳ್ಳಲು ನನಗೆ ಗೊತ್ತಿದ್ದದ್ದು ಒಂದೇ ದಾರಿ. “ಕಿಕ್ಕಿಲ್ಲದ ಮಾಲಿಗೆ ತೊಂಬತ್ತೈದಾ, ಹಗಲು ದರೋಡೆ ಕಣ್ಲಾ ನಿಂದು!” ಅಂತ ರಸ್ತೆಯಲ್ಲೇ ಕೂಗಾಡಿದೆ. “ಆಂ, ಈಗ್ ಸರಿ” ಅಂದು ಅವನು ನೆಮ್ಮದಿಯಾಗಿ ವಾಪಸ್ ಹೋದ.

ಈಗ ಅದರ ರೇಟು ನೂರಹತ್ತಾಗಿದೆ. ಶನಿವಾರದ ಜಗಳ ತಪ್ಪಿಲ್ಲ. ಕೆರಗೋಡಿಗೆ ಹೋದರೆ ತಮ್ಮೇಗೌಡರು ಬಾಟಲಿಯನ್ನು ತಲೆಕೆಳಗು ಮಾಡಿಯೇ ನನ್ನ ಕೈಗೆ ಕೊಡುತ್ತಾರೆ. ಕಿಟಕಿಯಲ್ಲಿರುವುದು ಬೀಗರೂಟದ ದಿನ ಎರಡನೇ ಸಲಕ್ಕೆ ಕೈಗೆ ಬಂತಲ್ಲ, ಆ ಬಾಟಲಿ. ನೀರು ಬದಲಾಯಿಸುವಾಗ ಲಕ್ಷ್ಮಿ ಒಂದು ಸಲ ತಳದ ಚೀಟಿ ಕೆರೆಯುವುದಕ್ಕೆ ಹೋಗಿದ್ದಳು, ನಾನು ಬಿಡಲಿಲ್ಲ. ಸುಟ್ಟು ಉಳಿದ ಒಂದು ಚೂರು ಲಿವರು, ಮಗಳ ಮನೆಯಲ್ಲಿ ತಲೆ ಎತ್ತಿ ಉಣ್ಣುವ ಊಟ, ಸಂಜೆ ಆರೂವರೆಗೆ ಭಯವಿಲ್ಲದೆ ನನ್ನ ಪಕ್ಕದಲ್ಲಿ ಕೂತು ಅವರೆಕಾಯಿ ಬಿಡಿಸುವ ಹೆಂಡತಿ. ಇಷ್ಟೆಲ್ಲ ಸೇರಿಸಿ ತೊಂಬತ್ತೈದು ರೂಪಾಯಿ. ಮೂವತ್ತು ವರ್ಷ ರೇಟು ಕೂಗಿದವನು ಹೇಳುತ್ತೇನೆ, ಇಷ್ಟು ಅಗ್ಗಕ್ಕೆ ಇಂಥ ಮಾಲು ನನಗೆ ಇನ್ನೆಲ್ಲೂ ಸಿಕ್ಕಿಲ್ಲ. ತಳ ನೋಡೇ ಹೇಳ್ತಿದ್ದೀನಿ.